ಲಿಸ್ಟಿನ ಕೊನೆಯ ಕೇಸು

ಎಚ್‌ಐವಿ ಇರುವವರಿಗೆ ಎಚ್‌ಐವಿಗೆ ಔಷಧಿ ಸಿಗುತ್ತದೆ. ಸಿಗದೇ ಇರುವುದು ಹರ್ನಿಯಾಕ್ಕೆ. ಹಲ್ಲುನೋವಿಗೆ, ಪಿತ್ತಕೋಶದ ಕಲ್ಲಿಗೆ, ಕಣ್ಣಿನ ಪೊರೆಗೆ, ಮೂಲವ್ಯಾಧಿಗೆ. ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ ಇಷ್ಟು ವರ್ಷ ನಿಂತು ನೋಡಿದ ಮೇಲೆ ನನಗೆ ಅನಿಸಿರುವುದು ಇಷ್ಟು.

ಯೋಚನೆ ಮಾಡಿದರೆ ಇದು ತಲೆಕೆಳಗಾದ ಲೆಕ್ಕ. ಕಷ್ಟದ ಕೆಲಸ ಯಾವುದಿತ್ತೋ ಅದನ್ನು ಜಗತ್ತು ಬಹುಪಾಲು ಮಾಡಿ ಮುಗಿಸಿದೆ. 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐದು ಯುವಕರ ಬಗ್ಗೆ ಮೊದಲ ವರದಿ ಬಂದಾಗ ಅದು ಯಾವ ಕಾಯಿಲೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯವರು ವೈರಸ್ ಹಿಡಿದರು. 1987ರಲ್ಲಿ ಮೊದಲ ಔಷಧಿ ಎಝಡ್‌ಟಿ ಬಂತು. ಅದೊಂದರಿಂದ ಹೆಚ್ಚು ದಿನ ತಳ್ಳಲು ಆಗುತ್ತಿರಲಿಲ್ಲ. 1996ರ ಹೊತ್ತಿಗೆ ಮೂರು ಔಷಧಿ ಒಟ್ಟಿಗೆ ಕೊಡುವುದು ಶುರುವಾದ ಮೇಲೆ ಹಾಸಿಗೆ ಹಿಡಿದಿದ್ದವರು ಎದ್ದು ಕೆಲಸಕ್ಕೆ ಹೋದರು. ಆದರೆ ಅದರ ಬೆಲೆ ವರ್ಷಕ್ಕೆ 10,000 ಡಾಲರ್ ಹತ್ತಿರ. 2001ರಲ್ಲಿ ಭಾರತದ ಸಿಪ್ಲಾ ಕಂಪನಿ ಅಂಥದ್ದೇ ಮೂರು ಔಷಧಿಯನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇನೆ ಅಂದಾಗ ದೊಡ್ಡ ಕಂಪನಿಗಳಿಗೆ ಬಾಯಿ ಕಟ್ಟಿಹೋಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸಿಡಿ4 (ರೋಗ ತಡೆಯುವ ರಕ್ತಕಣಗಳ ಲೆಕ್ಕ) ಎಷ್ಟೇ ಇರಲಿ, ಪಾಸಿಟಿವ್ ಅಂತ ಗೊತ್ತಾದ ಎಲ್ಲರಿಗೂ ಚಿಕಿತ್ಸೆ ಶುರು ಮಾಡಿ ಅಂತ ಹೇಳಿತು. ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಯುಎನ್‌ಏಡ್ಸ್‌ನ ಲೆಕ್ಕದಲ್ಲಿ 2024ರ ಕೊನೆಗೆ ಜಗತ್ತಿನಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು ಸುಮಾರು 4.08 ಕೋಟಿ ಜನ. ಅವರಲ್ಲಿ 3.16 ಕೋಟಿ ಜನ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಉಳಿದ 90 ಲಕ್ಷಕ್ಕೂ ಹೆಚ್ಚು ಜನರ ಕಥೆ ಬೇರೆ, ಅದು ಸಣ್ಣದೇನಲ್ಲ. ಆದರೂ ಇದು ಸುಮ್ನೆ ಆದ ಕೆಲಸ ಅಲ್ಲ.

ಔಷಧಿ ಸಿಕ್ಕವರು ಬದುಕಿದರು. ಬದುಕಿದ ಮೇಲೆ ವಯಸ್ಸಾಗುತ್ತದೆ. ವಯಸ್ಸಾದರೆ ಎಲ್ಲರಿಗೂ ಬರುವ ತಾಪತ್ರಯಗಳು ಅವರಿಗೂ ಬರುತ್ತವೆ. ಹಲ್ಲು ಅಲ್ಲಾಡುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ, ಪ್ರಾಸ್ಟೇಟ್ ಊದುತ್ತದೆ. ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಸೆಂಟರಿನಲ್ಲಿ ಮೂರು ತಿಂಗಳ ಮಾತ್ರೆ ಎಣಿಸಿ ಕೊಟ್ಟು ಕಳಿಸುತ್ತಾರೆ, ಅಲ್ಲಿ ಯಾರೂ ಅವರನ್ನು ಕಂಡು ಹಿಂದೆ ಸರಿಯುವುದಿಲ್ಲ. ಅದೇ ಮನುಷ್ಯ ಅಲ್ಲಿಂದ ಹೊರಗೆ ಬಂದು ಇನ್ನೊಂದು ಬಾಗಿಲಿಗೆ ಹೋಗಿ "ಡಾಕ್ಟ್ರೇ, ಇಲ್ಲೊಂದು ಗಂಟು" ಅಂದರೆ ತೊಂದರೆ ಶುರು.

"ನಿಮಗೆ ಎಚ್‌ಐವಿ ಇದೆ, ಆದ್ದರಿಂದ ಆಪರೇಷನ್ ಮಾಡುವುದಿಲ್ಲ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವವರು ಈಗ ಕಡಿಮೆ. ಹಾಗೆ ಹೇಳಿದರೆ ಕೇಸ್ ಆಗಬಹುದು ಅನ್ನುವುದು ಎಲ್ಲರಿಗೂ ಗೊತ್ತು. ಈಗ ಹೇಳುವುದೇ ಬೇರೆ. ಬೆಡ್ ಖಾಲಿ ಇಲ್ಲ. ಅರಿವಳಿಕೆ ಡಾಕ್ಟರ್ ರಜೆಯಲ್ಲಿದ್ದಾರೆ. ನಮ್ಮಲ್ಲಿ ಅದಕ್ಕೆ ಬೇಕಾದ ಸೌಲಭ್ಯ ಇಲ್ಲ, ದೊಡ್ಡ ಆಸ್ಪತ್ರೆಗೆ ಬರೆದುಕೊಡ್ತೀವಿ. ದೊಡ್ಡ ಆಸ್ಪತ್ರೆಯವರು ಇನ್ನೊಂದಕ್ಕೆ ಬರೆದುಕೊಡುತ್ತಾರೆ. ಇವುಗಳಲ್ಲಿ ನನಗೆ ತೀರಾ ಸಿಟ್ಟು ಬರಿಸುವುದು "ಸದ್ಯಕ್ಕೆ ಮಾತ್ರೆಯಲ್ಲೇ ನೋಡೋಣ, ಆಪರೇಷನ್ ಏನೂ ಅರ್ಜೆಂಟ್ ಇಲ್ಲ" ಅನ್ನುವ ಮಾತು. ಯಾಕೆಂದರೆ ಅದು ವೈದ್ಯಕೀಯ ಸಲಹೆಯ ಹಾಗೇ ಕೇಳಿಸುತ್ತದೆ. ರೋಗಿ ನಂಬಿ, ಥ್ಯಾಂಕ್ಸ್ ಹೇಳಿ, ಮನೆಗೆ ಹೋಗುತ್ತಾನೆ. ಅದೇ ಹರ್ನಿಯಾ ಸಿಕ್ಕಿಹಾಕಿಕೊಂಡು ಕರುಳಿಗೆ ರಕ್ತ ನಿಂತ ಮೇಲೆ ಮಧ್ಯರಾತ್ರಿ ಬರುತ್ತಾನೆ. ಹಗಲಲ್ಲಿ ಅರ್ಧ ಗಂಟೆಯಲ್ಲಿ ಮುಗಿಯಬೇಕಿದ್ದ ಕೆಲಸ ಆಗ ಕರುಳು ಕತ್ತರಿಸುವ ಕೆಲಸ ಆಗಿರುತ್ತದೆ.

ಇಂಥ ನಯವಾದ ನಿರಾಕರಣೆ ಹೊಸದೇನಲ್ಲ. 1994ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಸಿಡ್ನಿ ಅಬಾಟ್ ಅನ್ನುವ ಮಹಿಳೆ ಹಲ್ಲಿನ ಡಾಕ್ಟರ್ ಹತ್ತಿರ ಹೋದರು. ಫಾರ್ಮಿನಲ್ಲಿ ತಮಗೆ ಎಚ್‌ಐವಿ ಇದೆ ಅಂತ ಪ್ರಾಮಾಣಿಕವಾಗಿ ಬರೆದರು. ಡಾಕ್ಟರ್ ರಾಂಡನ್ ಬ್ರಾಗ್ಡನ್ ಹಲ್ಲು ನೋಡಿದರು, ಹುಳುಕು ಇದೆ ಅಂದರು, ಆದರೆ ನನ್ನ ಕ್ಲಿನಿಕ್‌ನಲ್ಲಿ ತುಂಬುವುದಿಲ್ಲ, ಆಸ್ಪತ್ರೆಗೆ ಬನ್ನಿ, ಅಲ್ಲಿ ತುಂಬುತ್ತೇನೆ ಅಂದರು. ನನ್ನ ಫೀಸ್ ಜಾಸ್ತಿ ಮಾಡುವುದಿಲ್ಲ, ಆಸ್ಪತ್ರೆಯ ಖರ್ಚು ಮಾತ್ರ ನೀವು ಕೊಡಿ ಅಂತಲೂ ಹೇಳಿದರು. ಎಷ್ಟು ಮರ್ಯಾದೆಯ ಮಾತು ನೋಡಿ! ಒಂದು ಹುಳುಕು ಹಲ್ಲಿಗೆ ಆಸ್ಪತ್ರೆ. ಅಬಾಟ್ ಒಪ್ಪಲಿಲ್ಲ, ಕೋರ್ಟಿಗೆ ಹೋದರು. 1998ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕಾಯಿಲೆಯ ಲಕ್ಷಣ ಏನೂ ಇಲ್ಲದಿದ್ದರೂ ಎಚ್‌ಐವಿ ಇರುವವರಿಗೆ ಅಂಗವಿಕಲರ ಹಕ್ಕಿನ ಕಾನೂನಿನ ರಕ್ಷಣೆ ಇದೆ ಅಂತ ತೀರ್ಪು ಕೊಟ್ಟಿತು. ಒಂದು ಹಲ್ಲಿಗಾಗಿ ದೇಶದ ಸುಪ್ರೀಂ ಕೋರ್ಟಿನವರೆಗೆ. ಎಲ್ಲರಿಗೂ ಅಷ್ಟು ದೂರ ಹೋಗುವ ಚೈತನ್ಯ ಇರುವುದಿಲ್ಲ, ಅಲ್ವಾ.

ಇನ್ನು ಆಪರೇಷನ್‌ಗೆ ಒಪ್ಪಿಕೊಂಡವರ ಕಡೆಗೆ ಬರೋಣ. ಥಿಯೇಟರಿನ ಹೊರಗೆ ಬೋರ್ಡಿನ ಮೇಲೆ ಆವತ್ತಿನ ಲಿಸ್ಟ್ ಇರುತ್ತದೆ. ಯಾರ ಫೈಲನ್ನೂ ತೆಗೆಯದೆ, ಬರೀ ಆ ಲಿಸ್ಟ್ ನೋಡಿ ಯಾರಿಗೆ ಎಚ್‌ಐವಿ ಇದೆ ಅಂತ ನಾನು ಹೇಳಬಲ್ಲೆ. ಕೊನೆಯ ಹೆಸರು. ಪಕ್ಕದಲ್ಲಿ ಕೆಲವೊಮ್ಮೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು, ಅಥವಾ 'ರೆಟ್ರೋ' (ರೆಟ್ರೋವೈರಸ್ ಅನ್ನುವುದರ ತುಂಡು) ಅಂತ ಒಂದು ಗೀಚು. ವಾರ್ಡ್ ಬಾಯ್‌ನಿಂದ ಹಿಡಿದು ಲಿಫ್ಟ್ ಓಡಿಸುವವನವರೆಗೆ ಎಲ್ಲರಿಗೂ ಅದರ ಅರ್ಥ ಗೊತ್ತು.

ಆ ಹೆಸರಿನವರು ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಹಾಕಿಕೊಂಡಿರುವುದಿಲ್ಲ, ಎಲ್ಲ ರೋಗಿಗಳ ಹಾಗೆಯೇ. ಮೊದಲ ಕೇಸು ಒಂಬತ್ತಕ್ಕೆ ಒಳಗೆ ಹೋಗುತ್ತದೆ. ಎರಡನೆಯದು ತಡವಾಗುತ್ತದೆ. ಮಧ್ಯಾಹ್ನ ಒಂದು ಎಮರ್ಜೆನ್ಸಿ ನುಗ್ಗುತ್ತದೆ. ಸಂಜೆ ನಾಲ್ಕಕ್ಕೆ ಒಬ್ಬರು ನನ್ನನ್ನು ಕೇಳಿದ್ದು ನೆನಪಿದೆ, "ಸಿಸ್ಟರ್, ನೀರಾದ್ರೂ ಕುಡೀಬಹುದಾ?" ಐವತ್ತು ದಾಟಿದ ಮನುಷ್ಯ. ಶರ್ಟಿನ ಜೇಬಿನಲ್ಲಿ ವೈರಲ್ ಲೋಡ್ ರಿಪೋರ್ಟ್ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದರು. ಬಿಚ್ಚಿ ತೋರಿಸಿದರು. ಟಾರ್ಗೆಟ್ ನಾಟ್ ಡಿಟೆಕ್ಟೆಡ್. ಅಂದರೆ ಮೆಷಿನ್ನಿಗೆ ಸಿಗುವಷ್ಟು ವೈರಸ್ ಕೂಡ ರಕ್ತದಲ್ಲಿ ಇಲ್ಲ. ಅದನ್ನು ಯಾರಾದರೂ ಕೇಳುತ್ತಾರೇನೋ ಅಂತ ಬೆಳಿಗ್ಗೆಯಿಂದ ಜೇಬಿನಲ್ಲಿಟ್ಟುಕೊಂಡು ಕಾದಿದ್ದರು, ಯಾರೂ ಕೇಳಿರಲಿಲ್ಲ. ಐದೂವರೆಗೆ "ಟೈಮ್ ಆಯ್ತು, ನಾಳೆ ತಗೊಳ್ಳೋಣ" ಅಂತ ಬಂತು. ನಾಳೆಯ ಲಿಸ್ಟಿನಲ್ಲೂ ಅವರು ಕೊನೆಯಲ್ಲೇ ಇದ್ದರು.

ಯಾಕೆ ಕೊನೆಗೆ ಅಂತ ಕೇಳಿದರೆ ಒಂದೇ ಉತ್ತರ: ಆಮೇಲೆ ಥಿಯೇಟರ್ ಚೆನ್ನಾಗಿ ತೊಳೀಬೇಕಲ್ಲ. ಹಾಗಾದರೆ ಉಳಿದ ಕೇಸುಗಳ ಮಧ್ಯೆ ಚೆನ್ನಾಗಿ ತೊಳೆಯುತ್ತಿಲ್ಲವಾ? ಕೀವು ತುಂಬಿದ ಗಾಯವನ್ನು ಕೊನೆಗೆ ಇಡುವುದಕ್ಕಾದರೂ ಒಂದು ಲೆಕ್ಕ ಇದೆ, ಅಲ್ಲಿನ ಬ್ಯಾಕ್ಟೀರಿಯಾ ಟೇಬಲ್ಲು, ನೆಲ, ಬಟ್ಟೆಗೆ ಹತ್ತಿ ಮುಂದಿನವರ ಗಾಯಕ್ಕೆ ಹೋಗಬಹುದು. ಎಚ್‌ಐವಿ ಅಂಥದ್ದಲ್ಲ. ಹೊರಗೆ ಬಂದು ಒಣಗಿತೆಂದರೆ ಅದರ ಆಟ ಬಹುಪಾಲು ಮುಗಿಯಿತು. ಮಾಮೂಲಿ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣಕ್ಕೆ ಸಾಯುತ್ತದೆ. ಉಪಕರಣಗಳು ಹೋಗುವುದು ಆಟೋಕ್ಲೇವ್‌ಗೆ. 121 ಡಿಗ್ರಿ ಹಬೆಯಲ್ಲಿ ಕನಿಷ್ಠ 15 ನಿಮಿಷ, ಅಥವಾ 134 ಡಿಗ್ರಿಯಲ್ಲಿ ಮೂರು ನಿಮಿಷ. ಆ ಆಟೋಕ್ಲೇವ್ ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಲು ನಾವು ಒಳಗೆ ಇಡುವುದು ಒಂದು ಜಾತಿಯ ಬ್ಯಾಕ್ಟೀರಿಯಾದ ಸ್ಪೋರ್‌ಗಳನ್ನು. ಬಿಸಿಗೆ ಅಷ್ಟು ಸುಲಭಕ್ಕೆ ಬಗ್ಗದ ಮೊಂಡು ಸ್ಪೋರ್‌ಗಳು ಅವು. ಅವೇ ಸತ್ತ ಮೇಲೆ ಎಚ್‌ಐವಿ ಯಾವ ಲೆಕ್ಕ? ಎಚ್‌ಐವಿಗೆ ಬೇರೆ ಆಟೋಕ್ಲೇವ್ ಇಲ್ಲ, ಬೇರೆ ಸೋಪಿಲ್ಲ, ಬೇರೆ ಥಿಯೇಟರ್ ಬೇಕಾಗಿಲ್ಲ. "ನಮ್ಮಲ್ಲಿ ಅದಕ್ಕೆ ಸೌಲಭ್ಯ ಇಲ್ಲ" ಅನ್ನುವ ಆಸ್ಪತ್ರೆಗೆ ನಿಜಕ್ಕೂ ಸೌಲಭ್ಯ ಇಲ್ಲದಿದ್ದರೆ, ಅಲ್ಲಿ ಯಾರಿಗೂ ಆಪರೇಷನ್ ಮಾಡಬಾರದು.

ಈಗ ನನ್ನ ಜೊತೆ ಕೆಲಸ ಮಾಡುವವರು ಕೇಳುವ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. "ನಮ್ಮ ಸೇಫ್ಟಿ?"

ಒಮ್ಮೆ ಒಬ್ಬ ಹೊಸ ಹುಡುಗಿ ನನ್ನ ಜೊತೆ ಡ್ಯೂಟಿಯಲ್ಲಿದ್ದಳು. ಹಿಂದಿನ ದಿನ ಒಂದು ಪಾಸಿಟಿವ್ ಕೇಸಿಗೆ ಎರಡು ಜೊತೆ ಗ್ಲೌಸ್, ಕನ್ನಡಕ, ಪ್ಲಾಸ್ಟಿಕ್ ಏಪ್ರನ್, ಕಾಲಿಗೆ ಕವರ್, ಎಲ್ಲ ಹಾಕಿಕೊಂಡು ಸೈನ್ಯಕ್ಕೆ ಹೊರಟವಳ ಹಾಗೆ ಬಂದಿದ್ದಳು. ಮಾರನೇ ದಿನ ಮಾಮೂಲಿ ಕೇಸು. ಬರಿಗೈಯಲ್ಲಿ ಸಿರಿಂಜಿನ ಸೂಜಿಗೆ ಮುಚ್ಚಳ ಹಾಕಲು ಹೋಗಿ ಹೆಬ್ಬೆರಳಿಗೆ ಚುಚ್ಚಿಕೊಂಡಳು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿಕೊಂಡು ಮುಂದಿನ ಕೆಲಸಕ್ಕೆ ಹೊರಟಳು. ತೊಳ್ಕೊಂಡು ಬಾರೇ ಅಂದೆ. "ಏನಾಗಲ್ಲ ಅಕ್ಕ, ಅವರ ರಿಪೋರ್ಟ್ ನೆಗೆಟಿವ್ ಅಲ್ವಾ" ಅಂದಳು.

ಆ ಒಂದು ಮಾತಿನಲ್ಲಿ ಇಡೀ ಸಮಸ್ಯೆ ಇದೆ. ರಿಪೋರ್ಟ್ ನೆಗೆಟಿವ್ ಅಂದರೆ ಏನು? ಸೋಂಕು ತಗುಲಿದ ದಿನವೇ ಟೆಸ್ಟಿನಲ್ಲಿ ಗೊತ್ತಾಗುವುದಿಲ್ಲ. ಈಗಿನ ಒಳ್ಳೆಯ ಲ್ಯಾಬ್ ಟೆಸ್ಟಿಗೂ ಸಾಮಾನ್ಯವಾಗಿ 18ರಿಂದ 45 ದಿನ ಬೇಕು. ಆ ವಿಂಡೋ ಪೀರಿಯಡ್‌ನಲ್ಲಿರುವ ಮನುಷ್ಯನ ರಕ್ತದಲ್ಲಿ ವೈರಸ್ ಲಕ್ಷಗಟ್ಟಲೆ ಇರುತ್ತದೆ, ಕೈಯಲ್ಲಿ ನೆಗೆಟಿವ್ ರಿಪೋರ್ಟ್ ಇರುತ್ತದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಬಗ್ಗೆ ಅವಳು ಕೇಳಲೇ ಇಲ್ಲ. ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗುಲುವ ಸಾಧ್ಯತೆ ಶೇ. 0.3. ಸಾವಿರಕ್ಕೆ ಮೂರು. ಅದೂ ರೋಗಿಗಳಿಗೆ ಒಳ್ಳೆಯ ಔಷಧಿ ಸಿಗದಿದ್ದ ಕಾಲದಲ್ಲಿ ಮಾಡಿದ ಲೆಕ್ಕ. ಹೆಪಟೈಟಿಸ್ ಸಿಗೆ ಅದು ಶೇ. 1.8ರ ಆಸುಪಾಸು ಅಂತ ನಮಗೆ ಕಲಿಸಿದ್ದರು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗುಲುವ ಸಾಧ್ಯತೆ ಶೇ. 6ರಿಂದ 30. ಆ ವೈರಸ್ ಒಣಗಿದ ರಕ್ತದಲ್ಲಿ ಒಂದು ವಾರ ಬದುಕಿರಬಲ್ಲದು. ವಿಚಾರಿಸಿದರೆ ಈ ಹುಡುಗಿ ಹೆಪಟೈಟಿಸ್ ಬಿ ಲಸಿಕೆಯ ಮೂರನೇ ಡೋಸ್ ಹಾಕಿಸಿಕೊಂಡೇ ಇರಲಿಲ್ಲ. ಎಚ್‌ಐವಿಗೆ ಎರಡು ಗ್ಲೌಸ್, ಅದಕ್ಕಿಂತ ಹತ್ತಾರು ಪಟ್ಟು ಸುಲಭವಾಗಿ ಅಂಟುವ ಕಾಯಿಲೆಗೆ ಬರಿಗೈ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 1985ರಿಂದ 2013ರವರೆಗೆ ಕೆಲಸದಲ್ಲಿ ಎಚ್‌ಐವಿ ಅಂಟಿಸಿಕೊಂಡ ಆರೋಗ್ಯ ಸಿಬ್ಬಂದಿಯ ಲೆಕ್ಕ ಇಟ್ಟಿತು. ಖಚಿತವಾದ ಕೇಸು 58. ಅದರಲ್ಲಿ 1999ರ ನಂತರದ್ದು ಒಂದೇ ಒಂದು. ಅಷ್ಟು ದೊಡ್ಡ ದೇಶ, ಅಷ್ಟು ಆಸ್ಪತ್ರೆಗಳು, ಅಷ್ಟು ಸೂಜಿಗಳು. ಚುಚ್ಚಿಕೊಂಡರೂ ದಾರಿ ಇದೆ. ಸೋಪು ನೀರಿನಲ್ಲಿ ತೊಳೆಯಬೇಕು, ಹಿಂಡಬಾರದು, ತಕ್ಷಣ ಹೇಳಬೇಕು. ಸೋಂಕು ತಗುಲದ ಹಾಗೆ ತಡೆಯುವ ಪಿಇಪಿ ಮಾತ್ರೆಯನ್ನು ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ, 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಆವತ್ತು ಆ ಹುಡುಗಿಯನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ಕ್ಯಾಶುವಾಲ್ಟಿಯಲ್ಲಿ ಎಂಟ್ರಿ ಮಾಡಿಸಿದೆ. ಅವಳಿಗೆ ಇಷ್ಟ ಇರಲಿಲ್ಲ. ಸೂಪರ್‌ವೈಸರ್ ಬೈತಾರೆ ಅನ್ನುವ ಭಯ. ವೈರಸ್ಸಿಗಿಂತ ಜಾಸ್ತಿ ಆ ಭಯವೇ ಇತ್ತು.

ಗೊತ್ತಿರುವ ಪಾಸಿಟಿವ್ ರೋಗಿ, ಅದರಲ್ಲೂ ಔಷಧಿ ತಪ್ಪದೆ ನುಂಗುತ್ತಿರುವವರು, ಥಿಯೇಟರಿಗೆ ಬರುವವರಲ್ಲಿ ನಮಗೆ ಅತಿ ಕಡಿಮೆ ಅಪಾಯದವರ ಸಾಲಿಗೆ ಸೇರುತ್ತಾರೆ ಅಂತ ನಾನು ಹೇಳಿದರೆ ಜನ ನಗುತ್ತಾರೆ. ಆದರೆ ಲೆಕ್ಕ ಅದೇ. 2011ರಲ್ಲಿ ಬಂದ ಎಚ್‌ಪಿಟಿಎನ್ 052 ಅಧ್ಯಯನ, ಆಮೇಲೆ 2016 ಮತ್ತು 2019ರಲ್ಲಿ ಪ್ರಕಟವಾದ ಪಾರ್ಟ್ನರ್ ಅಧ್ಯಯನಗಳು, ಔಷಧಿ ತಪ್ಪದೆ ನುಂಗುವ ಸಂಗಾತಿಯಿಂದ ವೈರಸ್ ದಾಟುವುದು ಎಷ್ಟು ಕಡಿಮೆ ಅಂತ ತೋರಿಸಿವೆ. ಪಾರ್ಟ್ನರ್ ಅಧ್ಯಯನಗಳಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ನೂರಾರು ಜೋಡಿಗಳನ್ನು ವರ್ಷಗಟ್ಟಲೆ ನೋಡಿದರು. ಕಾಂಡೋಮ್ ಇಲ್ಲದೆ ಸಾವಿರಾರು ಸಲ ಸೇರಿದರೂ, ವೈರಸ್ ಔಷಧಿಯ ಹಿಡಿತದಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ಸೋಂಕು ದಾಟಲಿಲ್ಲ. ಸೊನ್ನೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಸ್ಪಷ್ಟವಾಗಿ ಹೇಳಿತು. ಅದು ಲೈಂಗಿಕ ಸಂಪರ್ಕದ ಮಾತು, ಸೂಜಿಯ ಮಾತಲ್ಲ, ಅದನ್ನು ಬೆರೆಸಬಾರದು. ಸೂಜಿ ಚುಚ್ಚಿದರೆ ಆಗಲೂ ಡಾಕ್ಟರ್ ಹತ್ತಿರ ಹೋಗಿ ಕೇಳಲೇಬೇಕು. ಆದರೆ ಜೊತೆಗೆ ಮಲಗುವ ಹೆಂಡತಿಗೆ, ಗಂಡನಿಗೆ ದಾಟದ ವೈರಸ್ಸು, ಬಿಪಿ ಪಟ್ಟಿ ಕಟ್ಟುವ ನರ್ಸಿಗೆ ದಾಟುತ್ತದೆ ಅಂತ ನಂಬುವುದಕ್ಕೆ ಯಾವ ಆಧಾರವೂ ಇಲ್ಲ.

ಸಿಡಿಸಿ 1987ರಲ್ಲೇ ಬರೆದಿಟ್ಟಿತ್ತು: ಯಾರ ರಕ್ತವೇ ಆಗಲಿ, ಸೋಂಕು ಇದೆ ಅಂತಲೇ ಅಂದುಕೊಂಡು ಕೆಲಸ ಮಾಡಿ. ಎಲ್ಲ ರೋಗಿಗಳಿಗೂ, ಎಲ್ಲ ಸಲವೂ. ನರ್ಸಿಂಗ್ ಪರೀಕ್ಷೆಯಲ್ಲಿ ಇದಕ್ಕೆ ಐದು ಅಂಕ. ಪರೀಕ್ಷೆ ಬರೆದು ವಾರ್ಡಿಗೆ ಬಂದ ಮೇಲೆ ಮೊದಲು ಕೇಳುವುದೇ "ಇವರದ್ದು ರಿಯಾಕ್ಟಿವಾ?" ಅಂತ, ಅಂದರೆ ಪಾಸಿಟಿವ್ ರಿಪೋರ್ಟಾ ಅಂತ.

ಬಿಪಿ ಪಟ್ಟಿ ಅಂದೆನಲ್ಲ. ಒಬ್ಬರು ಹೇಳಿದ್ದು ಇದು. ವಾರ್ಡಿನಲ್ಲಿ ಮೂಲೆಯ ಬೆಡ್ ಕೊಟ್ಟಿದ್ದರಂತೆ. ಎರಡು ದಿನ ಬಿಪಿ ನೋಡಲು ಯಾರೂ ಹತ್ತಿರ ಬರಲೇ ಇಲ್ಲ. ಡಿಸ್ಚಾರ್ಜ್ ದಿನ ಚಾರ್ಟ್ ಕೈಗೆ ಸಿಕ್ಕಾಗ ನೋಡಿದರೆ ಬೆಳಿಗ್ಗೆ 120/80, ಸಂಜೆ 120/80, ಮತ್ತೆ ಬೆಳಿಗ್ಗೆ 120/80. "ನನ್ನ ಬಿಪಿ ಅಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ ಸಿಸ್ಟರ್" ಅಂತ ನಕ್ಕರು. ನಾನೂ ನಕ್ಕೆ, ಆದರೆ ಹೊಟ್ಟೆಯಲ್ಲಿ ಕಸಿವಿಸಿ. ಮುಟ್ಟದೆ ಬರೆದ ಅಂಕಿಗಳು ಅವು. ಆಪರೇಷನ್ ಆದ ಮೇಲೆ ಒಳಗೆ ರಕ್ತಸ್ರಾವ ಆಗುತ್ತಿದ್ದರೆ ಮೊದಲು ಗೊತ್ತಾಗುವುದು ನಾಡಿಯಲ್ಲಿ, ಬಿಪಿಯಲ್ಲಿ. ಅಲ್ಲಿ ಭೇದಭಾವ ಮಾಡಿದರೆ ಬರೀ ಮನಸ್ಸಿಗೆ ನೋವಾಗಿ ನಿಲ್ಲುವುದಿಲ್ಲ, ಜೀವ ಹೋಗುತ್ತದೆ.

ರಾಜಕುಮಾರಿ ಡಯಾನಾ 1987ರ ಏಪ್ರಿಲ್‌ನಲ್ಲಿ ಲಂಡನ್‌ನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಒಬ್ಬ ಏಡ್ಸ್ ರೋಗಿಯ ಕೈಯನ್ನು ಗ್ಲೌಸ್ ಇಲ್ಲದೆ ಕುಲುಕಿದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದ ಫೋಟೋ. ಡಯಾನಾ ಮುಖ ಎಲ್ಲರಿಗೂ ನೆನಪಿದೆ. ಫೋಟೋದಲ್ಲಿ ಆ ರೋಗಿಯ ಬೆನ್ನು ಮಾತ್ರ ಕಾಣುತ್ತದೆ. ಮುಖ ತೋರಿಸಿದರೆ ಮುಂದೇನು ಅನ್ನುವುದು ಅವರಿಗೆ ಗೊತ್ತಿತ್ತು.

ಮುಖ ತೋರಿಸಲು ಹೆದರುವ ಕಾರಣ ಇವತ್ತಿಗೂ ಹಾಗೇ ಇದೆ. ಬೆಡ್ಡಿನ ತಲೆಗೆ ಅಂಟಿಸುವ ಸ್ಟಿಕ್ಕರ್, ಕೇಸ್ ಶೀಟಿನ ಮೇಲೆ ದಪ್ಪಕ್ಷರ. ಕೇಳಿದರೆ "ಸ್ಟಾಫಿಗೆ ಗೊತ್ತಾಗಲಿ ಅಂತ ಅಷ್ಟೇ" ಅನ್ನುತ್ತಾರೆ. ನೋಡಲು ಬರುವ ಭಾವಮೈದುನನಿಗೂ ಕಣ್ಣಿದೆ. ಪಕ್ಕದ ಬೆಡ್ಡಿನವರಿಗೆ ಗೂಗಲ್ ಇದೆ. ಆಸ್ಪತ್ರೆಯಿಂದ ಹೊರಗೆ ಹೋಗುವಷ್ಟರಲ್ಲಿ ಹೊಟ್ಟೆಯ ಗಾಯ ಒಣಗಿರುತ್ತದೆ, ಬಾಡಿಗೆ ಮನೆ ಹೋಗಿರುತ್ತದೆ.

ಹೀಗಿರುವಾಗ ಜನ ಏನು ಮಾಡುತ್ತಾರೆ? ಹೇಳುವುದಿಲ್ಲ. ಒಬ್ಬ ಹೆಂಗಸು ನನಗೆ ಹೇಳಿದ ಮಾತು: "ಹೇಳಿದ್ರೆ ಹಲ್ಲು ಕೀಳಲ್ಲ. ಹೇಳ್ದೇ ಇದ್ದು ಆಮೇಲೆ ಗೊತ್ತಾದ್ರೆ ಮೋಸ ಮಾಡ್ದೆ ಅಂತಾರೆ. ನೀವೇ ಹೇಳಿ ಸಿಸ್ಟರ್, ಏನ್ ಮಾಡ್ಲಿ?" ದವಡೆ ಊದಿಕೊಂಡು ಕಣ್ಣಿನವರೆಗೆ ಬಂದಿತ್ತು ಆವತ್ತು. ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿ ಕಾಲ ತಳ್ಳಿದ್ದರು. ಆಕೆಗೆ ಒಂದು ಉತ್ತರ ಕೊಡಲು ನನಗೆ ಆಗಲಿಲ್ಲ. ಈಗಲೂ ಯಾರಾದರೂ ಸಲೀಸಾಗಿ "ಡಾಕ್ಟರಿಗೆ ಎಲ್ಲ ಹೇಳಿಬಿಡಬೇಕು" ಅಂದಾಗ ಆ ಊದಿದ ದವಡೆ ನೆನಪಾಗುತ್ತದೆ.

ಹೇಳಬೇಕಾದ್ದು ನಿಜ ಕೂಡ. ಕಾರಣ ಬೇರೆ. ಗ್ಲೌಸ್ ಹಾಕಿಕೊಳ್ಳಲು ನನಗೆ ನಿಮ್ಮ ರಿಪೋರ್ಟ್ ಬೇಡ. ಆದರೆ ಅರಿವಳಿಕೆ ಕೊಡುವವರಿಗೆ ನೀವು ತಗೊಳ್ಳುವ ಮಾತ್ರೆ ಗೊತ್ತಿರಬೇಕು. ಎಚ್‌ಐವಿಗೆ ಕೊಡುವ ಔಷಧಿಗಳಲ್ಲಿ ರಿಟೊನವಿರ್ ಇದ್ದರೆ, ನಾವು ಮಂಪರಿಗೆ ಕೊಡುವ ಮಿಡಜೋಲಾಮ್ ದೇಹದಿಂದ ಬೇಗ ಹೊರಹೋಗುವುದಿಲ್ಲ. ಎಚ್ಚರ ಆಗುವುದು ತಡವಾಗಬಹುದು, ಉಸಿರಾಟ ಕುಗ್ಗಬಹುದು. ಕೀಲಿಗೆ ಹಾಕುವ ಕೆಲವು ಸ್ಟೀರಾಯ್ಡ್ ಇಂಜೆಕ್ಷನ್‌ಗಳ ಕಥೆಯೂ ಅದೇ. ಟಿಬಿಗೆ ರಿಫಾಂಪಿಸಿನ್ ಕೊಡುತ್ತಿದ್ದರೆ ಎಚ್‌ಐವಿಯ ಮಾತ್ರೆ ಡೊಲುಟೆಗ್ರಾವಿರ್ ದಿನಕ್ಕೆ ಒಂದರ ಬದಲು ಎರಡು ಸಲ ಬೇಕು. ಗ್ಯಾಸ್ಟ್ರಿಕ್‌ಗೆ ಅಂತ ಕೊಡುವ ಆಂಟಾಸಿಡ್ ಕೂಡ ಅದನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಇನ್ನೊಂದು ವಿಷಯ, ಅಡ್ಮಿಟ್ ಆದವರು ಎಆರ್‌ಟಿ ಡಬ್ಬಿಯನ್ನು ಬಟ್ಟೆಯ ಕೆಳಗೆ ಮುಚ್ಚಿಡುತ್ತಾರೆ, ಅಕ್ಕಪಕ್ಕ ಜನ ಇದ್ದರೆ ತೆಗೆಯುವುದಿಲ್ಲ, ಎರಡು ಮೂರು ದಿನದ ಡೋಸ್ ತಪ್ಪಿಹೋಗುತ್ತದೆ. ವೈರಸ್ಸನ್ನು ಹಿಡಿತದಲ್ಲಿಡುವ ಔಷಧಿಯನ್ನು ಆಸ್ಪತ್ರೆಯೇ ತಪ್ಪಿಸಿದ ಹಾಗಾಯಿತು. ಹೇಳಿದವರಿಗೆ ಶಿಕ್ಷೆ ಕೊಟ್ಟು ಕೊಟ್ಟು, ಆಸ್ಪತ್ರೆಗಳು ತಮಗೆ ನಿಜಕ್ಕೂ ಬೇಕಾದ ಮಾಹಿತಿಯನ್ನೇ ಕಳೆದುಕೊಂಡಿವೆ.

ಎಲ್ಲ ತಪ್ಪನ್ನೂ ನರ್ಸುಗಳ ತಲೆಗೆ ಕಟ್ಟುವುದು ನನಗೆ ಒಪ್ಪಿಗೆ ಇಲ್ಲ. ಗ್ಲೌಸ್ ಬಾಕ್ಸ್ ಖಾಲಿಯಾಗಿ, ಇಂಡೆಂಟ್ ಹಾಕಿ, ನಾಲ್ಕು ದಿನ ಕಾದರೂ ಬರದ ವಾರ್ಡಿನಲ್ಲಿ ಕೆಲಸ ಮಾಡುವವರು ಇರುವ ಗ್ಲೌಸನ್ನು 'ಅಂಥ' ಕೇಸಿಗೆ ಅಂತ ಎತ್ತಿಡುತ್ತಾರೆ. ಸೂಜಿ ಹಾಕುವ ಡಬ್ಬ ತುಂಬಿ ತುಳುಕುತ್ತಿರುತ್ತದೆ. ರಾತ್ರಿ ಪಾಳಿಯಲ್ಲಿ ಪಿಇಪಿ ಮಾತ್ರೆ ಇರುವ ಬೀರುವಿನ ಕೀಲಿ ಮನೆಗೆ ಹೋದವರ ಹತ್ತಿರ ಇರುತ್ತದೆ. ಸುರಕ್ಷತೆಗೆ ದುಡ್ಡು ಹಾಕದ ಆಡಳಿತಕ್ಕೆ, ಅಪಾಯವನ್ನು ಒಬ್ಬ ರೋಗಿಯ ಮೇಲೆ ಹೊರಿಸುವುದು ಅಗ್ಗದ ದಾರಿ. ಭಾರತದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಅದನ್ನು ರೋಗಿಗಳ ಕಾನೂನು ಅಂತಷ್ಟೇ ನಮ್ಮವರು ಓದುತ್ತಾರೆ. ಚಿಕಿತ್ಸೆ ನಿರಾಕರಿಸುವಂತಿಲ್ಲ, ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ಗುಟ್ಟು ಬಯಲು ಮಾಡುವಂತಿಲ್ಲ ಅನ್ನುವುದು ಅದರಲ್ಲಿದೆ, ಸರಿ. ಅದೇ ಕಾಯ್ದೆಯಲ್ಲಿ ಆಸ್ಪತ್ರೆ ತನ್ನ ಸಿಬ್ಬಂದಿಗೆ ಸುರಕ್ಷಾ ಸಾಮಗ್ರಿ, ತರಬೇತಿ, ಪಿಇಪಿ ಕೊಡಲೇಬೇಕು ಅಂತಲೂ ಇದೆ. ಅಂದರೆ ನನ್ನ ಗ್ಲೌಸ್ ಕೂಡ ಆ ಕಾನೂನಿನಲ್ಲಿದೆ. ಗ್ಲೌಸ್ ಇಲ್ಲದಿದ್ದರೆ ಜಗಳ ಆಡಬೇಕಾದದ್ದು ಸ್ಟೋರ್ ಜೊತೆ, ರೋಗಿಯ ಜೊತೆ ಅಲ್ಲ.

ಸರ್ಜರಿ ಇವರಿಗೆ ತಡೆದುಕೊಳ್ಳಲು ಆಗುವುದಿಲ್ಲ ಅಂತ ಇನ್ನೂ ಕೆಲವರು ಹೇಳುತ್ತಾರೆ. ಅವರಿಗೆ ನಾನು ಹೇಳುವುದು ಕೇಪ್ ಟೌನ್‌ನ ಎಲ್ಮಿ ಮುಲ್ಲರ್ ವಿಷಯ. 2008ರಲ್ಲಿ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಈ ಸರ್ಜನ್, ಎಚ್‌ಐವಿ ಇದ್ದು ತೀರಿಕೊಂಡವರ ಕಿಡ್ನಿಯನ್ನು ಎಚ್‌ಐವಿ ಇರುವ ರೋಗಿಗಳಿಗೆ ಹಾಕಿದರು. ಆಗ ಬಹಳ ಜನ ವಿರೋಧ ಮಾಡಿದರು. ಕಿಡ್ನಿಗಳು ಕೆಲಸ ಮಾಡಿದವು. 2013ರಲ್ಲಿ ಅಮೆರಿಕ ಕೂಡ ಕಾನೂನು ಬದಲಾಯಿಸಿ ಇದಕ್ಕೆ ದಾರಿ ಮಾಡಿತು. 2019ರಲ್ಲಿ ಅಲ್ಲಿ ಎಚ್‌ಐವಿ ಇರುವ ಒಬ್ಬ ಮಹಿಳೆ ಬದುಕಿರುವಾಗಲೇ ತಮ್ಮ ಒಂದು ಕಿಡ್ನಿ ದಾನ ಮಾಡಿದರು. ಇವರ ದೇಹ ಕಿಡ್ನಿ ಕಸಿಯನ್ನೇ ತಾಳಿಕೊಳ್ಳುವಾಗ ನಾವು ಇನ್ನೂ ಹರ್ನಿಯಾಕ್ಕೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಿದ್ದೇವೆ.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಪಾಸಿಟಿವ್ ಇದ್ದು ಒಂದು ಆಪರೇಷನ್ನಿಗೋ ಹಲ್ಲಿಗೋ ಅಲೆಯುತ್ತಿದ್ದರೆ, ಒಳಗಿನವಳಾಗಿ ನನಗೆ ಗೊತ್ತಿರುವುದನ್ನು ಹೇಳಿಬಿಡುತ್ತೇನೆ. ಇತ್ತೀಚಿನ ವೈರಲ್ ಲೋಡ್ ರಿಪೋರ್ಟು, ನುಂಗುವ ಮಾತ್ರೆಗಳ ಹೆಸರು ಜೊತೆಗಿರಲಿ. ಅದನ್ನು ಸರ್ಜನ್ ಕೈಗೆ, ಅರಿವಳಿಕೆಯವರ ಕೈಗೆ ಕೊಡಿ, ರಿಸೆಪ್ಷನ್ನಿನಲ್ಲಿ ಅಲ್ಲ. ಒಬ್ಬರೇ ಹೋಗಬೇಡಿ. ನಿಮ್ಮ ಎಆರ್‌ಟಿ ಸೆಂಟರಿನ ಕೌನ್ಸೆಲರ್‌ಗೆ ಯಾವ ಆಸ್ಪತ್ರೆಯಲ್ಲಿ ಯಾರು ಒಳ್ಳೆಯವರು ಅಂತ ಸಾಮಾನ್ಯವಾಗಿ ಗೊತ್ತಿರುತ್ತದೆ, ಅವರಿಂದ ಒಂದು ಫೋನ್ ಮಾಡಿಸಿ. "ಆಗಲ್ಲ" ಅಂದರೆ ಕೂಗಾಡಬೇಡಿ. "ಯಾಕೆ ಆಗಲ್ಲ ಅನ್ನೋದನ್ನ ಚೀಟಿ ಮೇಲೆ ಬರೆದು ಸೈನ್ ಮಾಡಿ ಕೊಡಿ ಡಾಕ್ಟ್ರೇ" ಅಂತ ಮೆಲ್ಲಗೆ ಕೇಳಿ. ಬಾಯಲ್ಲಿ ಹೇಳಿದ ಕಾರಣವನ್ನು ಕಾಗದದ ಮೇಲೆ ಬರೆಯಲು ಪೆನ್ನು ಅಷ್ಟು ಸುಲಭಕ್ಕೆ ಮೇಲೆ ಏಳುವುದಿಲ್ಲ. ಹಾಗೆ ಕೇಳಿದ ಮೇಲೆ ಇದ್ದಕ್ಕಿದ್ದಂತೆ ಮುಂದಿನ ವಾರಕ್ಕೆ ಡೇಟ್ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಬರೆದೇ ಕೊಟ್ಟರೆ ಇನ್ನೂ ಒಳ್ಳೆಯದು, ಆ ಚೀಟಿಯನ್ನು ಜೋಪಾನ ಮಾಡಿ. ದೂರು ಕೊಡಲು ಬೇಕಾಗುವುದು ಅದೇ.